ಹದಿನೇಳರ ಮಗ್ಗಿ ಆರಕ್ಕೆ ನಿಂತದ್ದು

ಶಾಲಾ ತಪಾಸಣೆಯ ಕೆಲಸಕ್ಕೆ ಈಗ ಸೇರುತ್ತಿರುವ ತರುಣರಿಗೆ ನಾನು ಹೇಳಬೇಕಾದ ಮೊದಲ ಮಾತು ಇದು. ನಿಮ್ಮ ಗಾಡಿ ಊರ ಅಗಸೆಬಾಗಿಲನ್ನು ದಾಟಿದ ಗಳಿಗೆಯಿಂದ ನೀವು ಮರಳಿ ಹೊರಬೀಳುವವರೆಗೆ ಆ ಊರಿನಲ್ಲಿ ಕೆಲವರು ಹೆದರಿರುತ್ತಾರೆ. ಮಾಸ್ತರರು ಹೆದರಿರುತ್ತಾರೆ, ಅವರ ಮನೆಯವರು ಹೆದರಿರುತ್ತಾರೆ, ಮಡಿಕೆ ಬಿಚ್ಚದ ಅಂಗಿ ತೊಟ್ಟು ಸಾಲಾಗಿ ಕುಳಿತ ಮಕ್ಕಳು ಹೆದರಿರುತ್ತಾರೆ. ಈ ಹೆದರಿಕೆಯನ್ನು ನಾನು ಬಹುಕಾಲ ಗೌರವವೆಂದು ತಿಳಿದುಕೊಂಡಿದ್ದೆ. ನಾನೂ ಹೆದರಬೇಕಾಗಿ ಬಂದಾಗ ಎರಡಕ್ಕೂ ಇರುವ ಅಂತರ ತಿಳಿಯಿತು.

ಗೋಕಾಕ ಮತ್ತು ಹುಕ್ಕೇರಿ ತಾಲೂಕುಗಳ ಪ್ರಾಥಮಿಕ ಶಾಲೆಗಳನ್ನು ನೋಡುತ್ತ, ಮೂಡಲಗಿ ಕಡೆಯ ಹಳ್ಳಿಗಳಲ್ಲಿ ಅಲೆಯುತ್ತ ನನ್ನ ಆಯುಷ್ಯದ ಒಳ್ಳೆಯ ಭಾಗ ಕಳೆಯಿತು. ಯಾವ ವರ್ಷ ಯಾವ ದರ್ಜೆಗೆ ಏರಿದೆ ಎಂಬುದು ಇಲಾಖೆಯ ಕಪಾಟಿನಲ್ಲಿ ಭದ್ರವಾಗಿದೆ. ಕಪಾಟಿನಲ್ಲಿ ಸಿಕ್ಕದಿರುವುದನ್ನು ಮಾತ್ರ ಇಲ್ಲಿ ಬರೆಯುತ್ತೇನೆ: ಒಬ್ಬ ಮಾಸ್ತರರಿಂದ ಮಾತು ಹೊರಟುಹೋಗಿ ಹಾಡು ಮಾತ್ರ ಉಳಿದದ್ದು, ಮತ್ತು ಅವರು ಹುಚ್ಚರೋ ಅಲ್ಲವೋ ಎಂದು ನಾನು ಬರೆದುಕೊಡಬೇಕಾಗಿ ಬಂದದ್ದು.

ಕಾಲೇಜಿನಲ್ಲಿ ನಾನು ವಾದಸಭೆಯ ಪದಕ ಪಡೆದವನು. ಕೊನೆಯ ವರ್ಷದ ಸ್ಪರ್ಧೆಯ ವಿಷಯ, ಸಂಗೀತವು ಮನುಷ್ಯನ ಬುದ್ಧಿಯನ್ನು ಎಬ್ಬಿಸುತ್ತದೆಯೋ ಮಲಗಿಸುತ್ತದೆಯೋ ಎಂಬುದು. ಯಾರು ಯಾವ ಪಕ್ಷವೆಂದು ಚೀಟಿ ಎತ್ತಿ ನಿರ್ಣಯಿಸುತ್ತಿದ್ದರು. ನನ್ನ ಚೀಟಿಯಲ್ಲಿ ‘ಮಲಗಿಸುತ್ತದೆ’ ಎಂದಿತ್ತು. ತಾಯಿಯ ಜೋಗುಳ, ಹಾವಾಡಿಗನ ಪುಂಗಿ, ಪಲ್ಟನ್ನಿನ ಬ್ಯಾಂಡು, ಈ ಮೂರನ್ನೂ ಎತ್ತಿಕೊಂಡು, ಮೂರರಲ್ಲಿಯೂ ಕೇಳುವವನ ವಿಚಾರಶಕ್ತಿ ಕಟ್ಟಿಹೋಗಿ ದೇಹವೊಂದೇ ಹೇಳಿದಂತೆ ಕೇಳುತ್ತದೆ ಎಂದು ವಾದಿಸಿದೆ. ಸಭೆ ಚಪ್ಪಾಳೆ ತಟ್ಟಿತು. ನಾನು ಗೆದ್ದೆ, ಗೆದ್ದ ಮೇಲೆ ನನ್ನ ವಾದವನ್ನು ನಾನೇ ನಂಬಿದೆ. ಆ ಚೀಟಿ ನನ್ನ ಕೈಗೆ ಬಂದದ್ದು ಆಕಸ್ಮಿಕ ಎಂಬುದನ್ನು ಮರೆತುಬಿಟ್ಟೆ.

ಯುರೋಪಿನ ಮಹಾಯುದ್ಧ ಮುಗಿದ ಹೊಸತರಲ್ಲಿ ನಾನು ಕೆಲಸಕ್ಕೆ ಸೇರಿದೆ. ಒಕ್ಕಲಿಗರ ಮಕ್ಕಳು ಓದಬೇಕು, ಹೆಣ್ಣುಮಕ್ಕಳು ಓದಬೇಕು, ಓದಿದ್ದನ್ನು ಅರಿತು ಓದಬೇಕು ಎಂಬ ಹಂಬಲ ನನ್ನಲ್ಲಿ ನಿಜವಾಗಿಯೂ ಇತ್ತು. ಅದಕ್ಕಾಗಿ ಇಂದಿಗೂ ನಾಚುವುದಿಲ್ಲ. ಆದರೆ ನಾನು ಹೋದ ಪ್ರತಿ ಶಾಲೆಯಲ್ಲೂ ಸಂಜೆಯ ಹೊತ್ತಿಗೆ ಒಂದೇ ದೃಶ್ಯ. ಮಕ್ಕಳೆಲ್ಲ ಎದ್ದು ನಿಂತು, ತೂಗಾಡುತ್ತ, ಮಗ್ಗಿಗಳನ್ನು ರಾಗವಾಗಿ ಹಾಡುವರು. ಇದಕ್ಕೆ ಉಜಳಣಿ ಎನ್ನುತ್ತಿದ್ದರು. ಒಂದೊಂದು ಮಗ್ಗಿಗೂ ಒಂದೊಂದು ಧಾಟಿ. ನನಗೆ ಅದು ಪುಂಗಿಯ ಮುಂದಿನ ಹಾವಿನಂತೆ ಕಂಡಿತು.

ಮೂಡಲಗಿಯಿಂದ ಒಂದು ಹರದಾರಿಯಾಚೆ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಈ ಸಂಗತಿಗೆ ಸಂಬಂಧಪಟ್ಟವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಹಣಮಂತದೇವರ ಗುಡಿಯ ಪೌಳಿಯಲ್ಲಿ ಶಾಲೆ. ಶಿವಲಿಂಗಪ್ಪ ಮಾಸ್ತರರು ಅಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಲಿಸಿದ್ದರು. ದಪ್ಪ ರುಮಾಲು, ಹಣೆಯ ಮೇಲೆ ವಿಭೂತಿ, ತುಂಬಿದ ಕಂಠ. ಮೂರನೆಯ ಇಯತ್ತೆಯಲ್ಲಿ ಒಬ್ಬಳೇ ಹುಡುಗಿ, ಚೆನ್ನವ್ವ. ಅವಳ ತಂದೆಯ ಬೆನ್ನು ಹತ್ತಿ, ಮಾಸ್ತರರೇ ಅವಳನ್ನು ಶಾಲೆಗೆ ಕರೆತಂದಿದ್ದರು.

ನಾನು ಅವಳನ್ನು ಎಬ್ಬಿಸಿ ಕೇಳಿದೆ: “ಹದಿನೇಳು ಎತ್ತು ಅದಾವ. ಒಂದೊಂದಕ್ಕ ಆರಾರು ಸೂಡು ಕಣಿಕಿ ಮೇವು ಹಾಕಬೇಕು. ಎಷ್ಟು ಸೂಡು ಬೇಕಾಗತಾವ?”

ಹುಡುಗಿ ಕಣ್ಣು ಮುಚ್ಚಿದಳು. ತುಟಿ ಅಲುಗಿದವು. ತಲೆ ಮೆಲ್ಲಗೆ ತೂಗಿತು. “ಹದಿನೇಳ ಒಂದ್ಲೆ ಹದಿನೇಳ, ಹದಿನೇಳ ಎರಡ್ಲೆ ಮೂವತ್ನಾಕ…”

“ಹಾಡು ಬ್ಯಾಡ,” ಎಂದೆ. “ಉತ್ತರ ಹೇಳು.”

ಮಾಸ್ತರರು ಒಂದು ಹೆಜ್ಜೆ ಮುಂದೆ ಬಂದರು. “ಸಾಹೇಬ್ರ, ಒಂದ ಚೂರು ತಡೀರಿ. ಆಕಿ ಬರಾಕತ್ತಾಳ.”

“ಎಲ್ಲಿಂದ ಬರಾಕತ್ತಾಳ?”

“ಒಂದರಿಂದ್ರಿ.”

ಜೊತೆಗೆ ಬಂದಿದ್ದ ಊರ ಗೌಡರು ಗಹಗಹಿಸಿ ನಕ್ಕರು. ನಾನೂ ನಕ್ಕೆ. ಹುಡುಗಿಯ ತುಟಿ ನಿಂತುಹೋದವು. ಮತ್ತೆ ಕೇಳಿದರೂ ಅವಳು ಬಾಯಿ ತೆರೆಯಲಿಲ್ಲ. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ತಪಾಸಣೆಯ ದಫ್ತರದಲ್ಲಿ ಅವಳ ಹೆಸರಿನ ಮುಂದೆ ‘ಮಂದಬುದ್ಧಿ’ ಎಂದು ಬರೆದೆ. ಮಾಸ್ತರರ ಬಗ್ಗೆ ‘ಹಾಡು ಕಲಿಸುತ್ತಾರೆ, ಗಣಿತ ಕಲಿಸುವುದಿಲ್ಲ’ ಎಂದು ಬರೆದೆ. ಇದಕ್ಕೆ ಹಿಡಿದ ಹೊತ್ತು, ಅವಳು ಆರರವರೆಗೆ ಬರಲು ಬೇಕಾಗಿದ್ದ ಹೊತ್ತಿಗಿಂತ ಹೆಚ್ಚೇ ಆದೀತು.

ಆ ವರ್ಷವೇ ನಾನು ಒಂದು ಸುತ್ತೋಲೆಯನ್ನು ರಚಿಸಿದೆ. ಮಗ್ಗಿಗಳನ್ನು ರಾಗವಾಗಿ ಹೇಳಿಸಕೂಡದು. ಹುಣಸೆಬೀಜ ಎಣಿಸಿ ಗುಣಾಕಾರದ ಅರ್ಥವನ್ನು ತಿಳಿಸಬೇಕು. ಹುಣಸೆಬೀಜದ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದರ ಕೊನೆಗೆ, ಪದಕ ಪಡೆದ ಕೈಯ ಗರ್ವದಿಂದ, ಈ ವಾಕ್ಯವನ್ನು ಸೇರಿಸಿದೆ: ‘ರಾಗದಲ್ಲಿ ಹೊರಬಂದ ಉತ್ತರವು ನಾಲಗೆಯದೇ ಹೊರತು ಬುದ್ಧಿಯದಲ್ಲ, ಅದು ಗಿಳಿಯ ಉತ್ತರ.’ ನನ್ನ ಮೇಲಧಿಕಾರಿಗಳು ಕಡಿಮೆ ಮಾತಿನವರು. ಆ ವಾಕ್ಯದ ಕೆಳಗೆ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದು, ಸುತ್ತೋಲೆಯನ್ನು ಎರಡೂ ತಾಲೂಕಿನ ಎಲ್ಲ ಶಾಲೆಗಳಿಗೆ ಕಳಿಸಲು ಅಪ್ಪಣೆ ಮಾಡಿದರು. ಮಾಸ್ತರರೆಲ್ಲ ನನ್ನ ಬೆನ್ನ ಹಿಂದೆ ‘ಹುಣಸೀಬೀಜದ ಸಾಹೇಬ್ರು’ ಎನ್ನತೊಡಗಿದರು.

ಒಂದು ವರ್ಷ ನನ್ನ ಸುಧಾರಣೆ ಜಯಭೇರಿ ಬಾರಿಸಿತು. ಯಾವ ಶಾಲೆಗೆ ಹೋದರೂ ನಿಶ್ಶಬ್ದ. ಮಕ್ಕಳು ತಲೆ ತಗ್ಗಿಸಿ ಬೀಜ ಎಣಿಸುತ್ತಿದ್ದರು. ನಾನು ವರದಿಗಳಲ್ಲಿ ‘ಸಮಾಧಾನಕರ’ ಎಂದು ಬರೆದುಕೊಂಡು ಹೋದೆ. ಆಮೇಲೆ ಒಂದು ದಿನ ನನ್ನ ಗಾಡಿಯ ಬಲಗಡೆಯ ಎತ್ತಿನ ಕೊರಳು ಹುಣ್ಣಾಯಿತು. ಗಾಡಿಯವನು ಎರಡೂ ಎತ್ತುಗಳ ಗಂಟೆಸರವನ್ನು ಬಿಚ್ಚಿ ಒಳಗೆ ಹಾಕಿದ. ಹುಕ್ಕೇರಿಯಿಂದ ನಿಡಸೋಸಿಗೆ ಹೋಗುವ ದಾರಿಯ ಒಂದು ಹಳ್ಳಿಯ ಶಾಲೆಯ ಹಿಂಗೋಡೆಗೆ ನಾವು ಸದ್ದಿಲ್ಲದೆ ಬಂದು ನಿಂತೆವು. ಒಳಗೆ ಅರವತ್ತು ಕಂಠಗಳು ಕೂಡಿ ಮುಕ್ಕಾಲರ ಮಗ್ಗಿಯನ್ನು ಹಾಡುತ್ತಿದ್ದವು.

ನಾನು ಕೂಡಲೇ ಒಳನುಗ್ಗಬೇಕಿತ್ತು. ನುಗ್ಗಲಿಲ್ಲ. ಕೇಳುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ, ನನ್ನ ಬಲಗೈ ಕೊಡೆಯ ಹಿಡಿಕೆಯ ಮೇಲೆ ತಾಳ ಹಾಕುತ್ತಿತ್ತು; ಮುಂದೆ ಬರಬೇಕಾದ ಅಂಕಿ, ಮಕ್ಕಳು ಹೇಳುವುದಕ್ಕೆ ಮೊದಲೇ ನನ್ನ ತಲೆಯಲ್ಲಿ ಬಂದು ಕೂತಿರುತ್ತಿತ್ತು. ಬಾಲ್ಯದ ನಂತರ ನಾನು ಮುಕ್ಕಾಲರ ಮಗ್ಗಿಯನ್ನು ನೆನೆದವನಲ್ಲ. ಅದು ಎಲ್ಲಿತ್ತು? ಯಾರು ಎಬ್ಬಿಸಿದರು? ಎದೆಯಲ್ಲಿ ಏನೋ ಕಸಿವಿಸಿಯಾಯಿತು. ಆ ಕಸಿವಿಸಿಯನ್ನೇ ಸಿಟ್ಟಾಗಿ ಮಾಡಿಕೊಂಡು ಬಾಗಿಲಲ್ಲಿ ಹೋಗಿ ನಿಂತೆ.

ಹಾಡು ಕತ್ತರಿಸಿದಂತೆ ನಿಂತಿತು. ಮುಖ್ಯ ಮಾಸ್ತರರು ಗಾಬರಿಯಲ್ಲಿ ನಮಸ್ಕಾರ ಹೇಳುವುದನ್ನೂ ಮರೆತು, “ಗಂಟಿ ಎಲ್ಲಿ ಹೋತ್ರಿ, ಸಾಹೇಬ್ರ?” ಎಂದುಬಿಟ್ಟರು.

ಆಗ ತಿಳಿಯಿತು. ಎರಡೂ ತಾಲೂಕಿನ ಶಾಲೆಗಳು ಒಂದು ವರ್ಷದಿಂದ ನನ್ನ ಎತ್ತುಗಳ ಗಂಟೆ ಕೇಳಿ ಬಾಯಿ ಮುಚ್ಚುತ್ತಿದ್ದವು, ಗಂಟೆ ದೂರವಾದ ಮೇಲೆ ಬಾಯಿ ತೆರೆಯುತ್ತಿದ್ದವು. “ಯಾಕೆ ಹೀಗೆ ಮಾಡಿದಿರಿ?” ಎಂದು ಗದರಿದೆ. ಆ ಮುದುಕರು ಕೈಮುಗಿದು ಹೇಳಿದರು: “ಏನ್ ಮಾಡ್ಲಿರಿ? ಹಾಡದಿದ್ರ ತಲಿಯೊಳಗ ನಿಂದ್ರೂದಿಲ್ರಿ. ಹುಣಸೀಬೀಜ ಅಂತೀರಿ, ಎಣಿಸಿ ಮುಗಿಸೂದ್ರಾಗ ಹುಡುಗ್ರು ಹುರಕೊಂಡು ತಿಂದಿರತಾರ.”

ಅವರ ದಫ್ತರದಲ್ಲಿ ಕಟುವಾದ ಶೇರಾ ಬರೆದು ಬಂದೆ. ಕೊಡೆಯ ಹಿಡಿಕೆಯ ಮೇಲೆ ನನ್ನ ಕೈ ಮಾಡಿದ್ದನ್ನು ಎಲ್ಲಿಯೂ ಬರೆಯಲಿಲ್ಲ.

ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ ಶಾಲೆ ಒಂದೇ ಎಂದು ಆಮೇಲೆ ಗೊತ್ತಾಯಿತು. ಅದು ಶಿವಲಿಂಗಪ್ಪ ಮಾಸ್ತರರದು. ಅವರು ಕಳ್ಳತನ ಅರಿಯದ ಮನುಷ್ಯ. ಇಲಾಖೆ ಬೇಡವೆಂದಿತು, ಅವರು ಬಿಟ್ಟರು.

ಮರುವರ್ಷದ ಬೇಸಿಗೆಯ ಮುಂಚೆ ತಾಲೂಕು ಕಚೇರಿಯಿಂದ ನನಗೊಂದು ಕಾಗದ ಬಂತು. ಊರ ಗೌಡರ ಅರ್ಜಿ: ಶಿವಲಿಂಗಪ್ಪ ಮಾಸ್ತರರಿಗೆ ಹುಚ್ಚು ಹಿಡಿದಿದೆ, ಮಾತಾಡಿಸಿದರೆ ಹಾಡುತ್ತಾರೆ, ಮಕ್ಕಳ ನಡುವೆ ಇಡುವುದು ಕ್ಷೇಮವಲ್ಲ, ಹುಚ್ಚರ ಆಸ್ಪತ್ರೆಗೆ ಕಳಿಸಬೇಕು. ಮಾಮಲೇದಾರರು ಎರಡು ಅಭಿಪ್ರಾಯ ಕೇಳಿದ್ದರು. ಒಂದು ಗೋಕಾಕದ ಡಾಕ್ಟರರದು, ಇನ್ನೊಂದು ಶಾಲೆಯ ಅಧಿಕಾರಿಯಾದ ನನ್ನದು. ಎರಡೂ ‘ಹೌದು’ ಎಂದರೆ ಆ ಮನುಷ್ಯನನ್ನು ದೂರದ ಊರಿನ ಬೀಗದ ಕೋಣೆಗೆ ಒಯ್ಯುತ್ತಾರೆ. ಅಲ್ಲಿಗೆ ಹೋದವರು ಮರಳಿ ಬಂದದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಹದಿನೈದು ದಿನದ ಅವಧಿ ಕೊಟ್ಟಿದ್ದರು.

ಕಾಗದವನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಮರುದಿನವೇ ಹೊರಟೆ.

ಗೌಡರು ಅಗಸೆಯಲ್ಲೇ ಎದುರಾದರು. ಅವರು ಕೆಟ್ಟವರಲ್ಲ, ಹೆದರಿದ್ದರು. “ಏನ್ ಹೇಳ್ಲಿರಿ, ಸಾಹೇಬ್ರ. ಎಂಟ ದಿನ ಹಾಸಿಗಿ ಹಿಡದ್ರು, ಎದ್ರು. ಬಲಗೈ ಬಿದ್ದ ಹೋಗೈತಿ. ‘ಮಾಸ್ತರ, ಊಟ ಆತೇನ್ರಿ?’ ಅಂದ್ರ ಹಾಂ ಹಾಂ ಅಂತಾರ, ಮಾರಿ ಕೆಂಪ ಮಾಡ್ಕೋತಾರ, ಆಮ್ಯಾಲ ‘ಹದಿಮೂರ ಒಂದ್ಲೆ ಹದಿಮೂರ’ ಅಂತ ಚಾಲೂ ಮಾಡ್ತಾರ! ಇದಕ್ಕ ಹುಚ್ಚ ಅನ್ನದ ಮತ್ತೇನ ಅನಬೇಕ್ರಿ?”

ಮಾಸ್ತರರು ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಬಾಯಿಯ ಒಂದು ಬದಿ ಜೋತಿತ್ತು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ನನ್ನನ್ನು ನೋಡಿದೊಡನೆ ಎಡಗೈಯಿಂದ ರುಮಾಲು ಸರಿಮಾಡಿಕೊಳ್ಳಲು ಹೋದರು. ಹುಚ್ಚರು ರುಮಾಲು ಸರಿಮಾಡಿಕೊಳ್ಳುತ್ತಾರೆಯೇ ಎಂದು ನಾನು ಯೋಚಿಸಿದೆ.

ಅವರ ಹೆಂಡತಿ ಗಂಗವ್ವ ನನಗೆ ಕಂಬಳಿ ಹಾಸಿದರು. ನೀರಿನ ತಂಬಿಗೆಯನ್ನು ಇಟ್ಟು, ಬಾಗಿಲ ಮರೆಗೆ ಹೋಗದೆ ಎದುರಿಗೇ ನಿಂತರು.

“ಅವ್ರಿಗೆ ಹುಚ್ಚಿಲ್ರಿ. ಹಾಲು ಉಕ್ಕಿದ್ರ ನನಗಿಂತ ಮೊದಲ ಅವ್ರಿಗೆ ಗೊತ್ತಾಗತೈತಿ, ಕೈ ಮಾಡಿ ತೋರಸ್ತಾರ. ಎಡಗೈಲೆ ಬರೀರಿ ಅಂತ ಪಾಟಿ ಕೊಟ್ಟೆ, ಗೀಚತಾರ, ಅಕ್ಷರ ಆಗೂದಿಲ್ಲ. ನುಡಿ ಒಂದು ಬರವಲ್ದು. ಹಾಡು ಬರತೈತಿ.”

“ಯಾವಾಗಿನಿಂದ, ಅವ್ವಾ?”

“ಸಂಕ್ರಾಂತಿ ಮುಂದ ಲಕ್ವಾ ಹೊಡದಾಗಿಂದ. ಅದಕ್ಕೂ ಮೊದಲ ಒಂದ ವರ್ಷ ಅವ್ರು ಸುಮ್ಮನ ಇದ್ರು, ಬಿಡ್ರಿ. ಸಂಜಿಗೆ ಸಾಲಿ ಬಿಟ್ಟು ಬಂದು ಇದ ಕಂಬಕ್ಕ ಕುಂತು ತುಟಿ ಬಿಗಿಹಿಡದಿರತಿದ್ರು.” ಅವರು ನನ್ನನ್ನು ನೇರವಾಗಿ ನೋಡಿದರು. “ನೀವು ಹಾಡಬ್ಯಾಡ ಅಂದ್ರಿ. ದೇವರು ಮಾತಾಡಬ್ಯಾಡ ಅಂದ. ಇನ್ನ ಏನ ಉಳೀತ್ರಿ ಅವ್ರಿಗೆ?”

ನಾನು ವಾದಸಭೆಯಲ್ಲಿ ಎಷ್ಟೋ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಟ್ಟವನು. ಈಗ ಮಾತು ಬದಲಿಸಲು, ಆ ಹುಡುಗಿ ಚೆನ್ನವ್ವ ಹೇಗೆ ಓದುತ್ತಿದ್ದಾಳೆ ಎಂದು ಕೇಳಿದೆ.

“ಆಕಿದೇನ ಕೇಳ್ತೀರಿ? ನೀವು ದಫ್ತರದಾಗ ಏನೋ ಬರದ್ರಂತಲ್ಲ, ಅದನ್ನ ಚಾವಡಿಯೊಳಗ ಓದಿ ಹೇಳಿದ್ರು. ಸರ್ಕಾರನ ದಡ್ಡಿ ಅಂದ ಮ್ಯಾಲ ಯಾಕ ಕಳಸ್ಲಿ ಅಂತ ಅವರಪ್ಪ ಸಾಲಿ ಬಿಡಿಸಿದ. ಇವ್ರು ಮೂರ ಸಲ ಅವರ ಮನಿಗೆ ಹೋಗಿ ಬಂದ್ರು. ಹುಡುಗಿನ್ನ ಕೌಜಲಗಿಗೆ ಕೊಟ್ರು, ಲಗ್ನ ಆತು.”

ಮಾಸ್ತರರ ಎಡಗೈ ನೆಲವನ್ನು ಬಡಿಯತೊಡಗಿತು. ಏನೋ ಹೇಳಬೇಕೆಂದು ಬಾಯಿ ತೆರೆದರು. “ಹಾ… ಹಾ…” ಕುತ್ತಿಗೆಯ ನರ ಉಬ್ಬಿದವು, ಕಣ್ಣಲ್ಲಿ ನೀರು ಬಂತು. ಹೇಳಬೇಕಾದ ಮಾತು ಒಳಗೆ ಇಡಿಯಾಗಿ ಇದೆ, ಬಾಗಿಲು ಮಾತ್ರ ಸಿಕ್ಕುತ್ತಿಲ್ಲ ಎಂಬುದು ನನಗೆ ಕಂಡಿತು. ಆದರೆ ಕಂಡಿತು ಎಂದು ಬರೆದರೆ ಮಾಮಲೇದಾರರು ಒಪ್ಪಬೇಕಲ್ಲ.

ಮೇಲಧಿಕಾರಿಗಳ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನನ್ನ ಸುತ್ತೋಲೆಯ ಪ್ರತಿಯನ್ನು ತರಿಸಿ ಮೇಜಿನ ಮೇಲೆ ಹರಡಿದರು. ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

“ಇದು ನಿಮ್ಮ ವಾಕ್ಯ ಅಲ್ಲೇನ್ರಿ? ರಾಗದಾಗ ಬಂದದ್ದು ಬುದ್ಧಿಯದಲ್ಲ, ಗಿಳಿಯದು. ಇದು ಖರೆ ಇದ್ರ, ಈ ಮನಶ್ಯಾ ಹಾಡತಾನ ಅನ್ನೂದು ಬುದ್ಧಿ ಇದ್ದದ್ದಕ್ಕ ಸಾಕ್ಷಿ ಆಗೂದಿಲ್ಲ. ಈ ಮನಶ್ಯಾ ಶ್ಯಾಣ್ಯಾ ಇದ್ರ, ಇದು ಸುಳ್ಳು. ಎರಡೂ ತಾಲೂಕಿಗೆ ಸುಳ್ಳು ಕಳಿಸೇವಿ ಅಂತಾತು. ಯಾವುದು ಆರಿಸ್ಕೋತೀರಿ, ನೀವ ಹೇಳ್ರಿ.”

ಮನೆಗೆ ಬಂದು ಎರಡೂ ಪಕ್ಷಗಳನ್ನು ಕಾಗದದ ಮೇಲೆ ಬರೆದೆ; ಹಳೆಯ ಅಭ್ಯಾಸ. ಒಂದು ಪಕ್ಷ ಅಚ್ಚುಕಟ್ಟಾಗಿ ಪುಟ ತುಂಬಿತು. ಇನ್ನೊಂದರ ಕೆಳಗೆ ಬರೆಯಲು ನನಗೆ ದೊರೆತದ್ದು ಇಷ್ಟೇ: ರುಮಾಲು, ಉಕ್ಕುವ ಹಾಲು, ನೆಲ ಬಡಿಯುವ ಕೈ. ಅವಧಿಯಲ್ಲಿ ಇನ್ನು ನಾಲ್ಕು ದಿನ ಉಳಿದಿತ್ತು.

ಮೂರನೆಯ ದಿನ ಗಂಗವ್ವ ಮಾಸ್ತರರನ್ನು ಕಣಿಕೆ ಹಾಸಿದ ಚಕ್ಕಡಿಯಲ್ಲಿ ಮಲಗಿಸಿಕೊಂಡು ಗೋಕಾಕದ ದವಾಖಾನೆಗೆ ಬಂದರು. ನಾನು ಮೊದಲೇ ಹೋಗಿ ಕುಳಿತಿದ್ದೆ. ಡಾಕ್ಟರರು ವಯಸ್ಸಾದವರು, ಹಾಸ್ಯದವರು. ನನ್ನನ್ನು ನೋಡಿ, “ಪರೀಕ್ಷಾ ಮಾಸ್ತರದೋ ನಿಮ್ಮದೋ? ನಾಡಿ ಮೊದಲ ನಿಮ್ಮದ ಹಿಡೀಬೇಕು ಕಾಣತೈತಿ,” ಎಂದರು.

ಅವರು ಮಾಸ್ತರರ ಕೈಕಾಲು ಎತ್ತಿ ಬಿಟ್ಟು, ನಾಲಗೆ ಚಾಚಿಸಿ ನೋಡಿ, ನನಗೆ ಹೇಳಿದರು: “ಎಡಗಡೆ ಮಿದುಳಿಗೆ ಪೆಟ್ಟಾಗೈತಿ. ಅದಕ್ಕ ಬಲಗೈ ಬಿದ್ದೈತಿ. ಮಾತಿನ ಜಾಗಾನೂ ಎಡಕ್ಕ ಐತಿ ಅಂತ ವಿಲಾಯತಿ ಪುಸ್ತಕದಾಗ ಬರದಾರ; ಮಾತು ಹೋದದ್ದು ಅದಕ್ಕ. ಆದ್ರ ಹಾಡು ಉಳದೈತಿ. ಒಂದ ಮನಿಯೊಳಗ ಇದ್ದಿದ್ರ ಎರಡೂ ಕೂಡೇ ಹೋಗಬೇಕಿತ್ತು. ಹಾಡಿನ ಮನಿ ಬ್ಯಾರೆ ಇರಬೇಕು. ಎಲ್ಲೈತಿ ಅಂತ ನಾ ಗಟ್ಟಿಯಾಗಿ ಹೇಳಲಾರೆ.”

“ಅಂದರೆ ಬುದ್ಧಿ ಇದೆ ಎಂದು ಬರೆಯುತ್ತೀರಲ್ಲ?”

“ಹ್ಯಾಂಗ ಬರೀಲಿ? ಹಾಡೂದು ಬುದ್ಧಿ ಇದ್ದದ್ದಕ್ಕ ಪುರಾವೆ ಅಲ್ಲ. ಗಿಳಿನೂ ಹಾಡತೈತಿ.”

ನನ್ನ ವಾಕ್ಯವೇ ಇನ್ನೊಬ್ಬರ ಬಾಯಿಂದ ಬಂದು ನನ್ನ ಮುಂದೆ ನಿಂತಿತು. ಗಂಗವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ಅಭಿಪ್ರಾಯ ಬರೆಯಬೇಕಾದ ಎರಡೂ ಕಾಗದಗಳು ಮೇಜಿನ ಮೇಲಿದ್ದವು, ಮಸಿಯ ದವತಿಯ ಮುಚ್ಚಳ ತೆರೆದಿತ್ತು. ಆಗ ನನ್ನ ಬಾಯಿಗೆ ಬಂದದ್ದು ನನ್ನ ಮಾತಲ್ಲ, ಮಾಸ್ತರರದು.

“ಒಂದು ಲೆಕ್ಕ ಕೇಳಿರಿ,” ಎಂದೆ. “ಕೇಳಿ, ಒಂದು ಚೂರು ತಡೆಯಿರಿ.”

ಡಾಕ್ಟರರು ಹುಬ್ಬೇರಿಸಿದರು. ಆಮೇಲೆ ಕುರ್ಚಿಯನ್ನು ಮಾಸ್ತರರ ಎದುರಿಗೆ ಎಳೆದುಕೊಂಡು ಕುಳಿತರು. “ಮಾಸ್ತರ, ನಾಳೆ ನನ್ನ ದವಾಖಾನಿಗೆ ಹದಿಮೂರು ಮಂದಿ ಬರತಾರ. ಒಬ್ಬೊಬ್ಬರಿಗೆ ಎಂಟೆಂಟು ಪುಡಿ ಕೊಡಬೇಕು. ಎಷ್ಟು ಪುಡಿ ಕಟ್ಟಿಡ್ಲಿ?”

ಮಾಸ್ತರರು ಕಣ್ಣು ಮುಚ್ಚಿದರು. ಎಡಗೈ ತೊಡೆಯ ಮೇಲೆ ಮೆಲ್ಲಗೆ ಬಿತ್ತು, ಎದ್ದಿತು. ಜೋತ ತುಟಿಯಿಂದ, ತೊದಲಿಲ್ಲದೆ, ಹಳೆಯ ತುಂಬುಕಂಠದಲ್ಲಿ ಹಾಡು ಹೊರಟಿತು. “ಹದಿಮೂರ ಒಂದ್ಲೆ ಹದಿಮೂರ, ಹದಿಮೂರ ಎರಡ್ಲೆ ಇಪ್ಪತ್ತಾರ…” ಗಿಳಿಯಾದರೆ ಹತ್ತರವರೆಗೆ ಹೋಗುತ್ತದೆ. ಆರು, ಏಳು. “ಹದಿಮೂರ ಎಂಟ್ಲೆ ನೂರಾ ನಾಕ.”

ನಿಂತರು. ಕಣ್ಣು ತೆರೆದು ಡಾಕ್ಟರರನ್ನು ನೋಡಿದರು.

“ಮುಂದ ಹೇಳ್ರಿ, ಮಾಸ್ತರ. ಒಂಬತ್ಲೆ?”

ಮಾಸ್ತರರು ತಲೆ ಅಲ್ಲಾಡಿಸಿದರು. ತುಟಿ ಬಿಗಿದುಕೊಂಡರು.

ಡಾಕ್ಟರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಛಲೋ. ಐದು ಮಂದಿ, ‘ನಿಮ್ಮ ಪುಡಿ ಬ್ಯಾಡ, ಕಹಿ’ ಅಂತ ಬಂದ ದಾರಿ ಹಿಡದ್ರು. ಈಗ ಎಷ್ಟು ಪುಡಿ ಬೇಕು?”

ಐದೆಂಟ್ಲೆ ನಲವತ್ತು, ನೂರಾ ನಾಲ್ಕರಲ್ಲಿ ನಲವತ್ತು ಕಳೆಯಬೇಕು ಎಂದು ನಾನು ಬೆರಳು ಮಡಚುತ್ತಿದ್ದಂತೆಯೇ ಮಾಸ್ತರರ ಧಾಟಿ ಬದಲಾಯಿತು. ಹದಿಮೂರರದಲ್ಲ, ಎಂಟರ ಮಗ್ಗಿಯ ಧಾಟಿ, ಚುರುಕಿನದು, ಕುಣಿಯುವಂಥದು. “ಎಂಟ ಒಂದ್ಲೆ ಎಂಟ, ಎಂಟ ಎರಡ್ಲೆ ಹದಿನಾರ…” ಉಳಿದವರು ಎಂಟು ಜನ ಎಂಬುದನ್ನು ಅವರು ನನಗಿಂತ ಮೊದಲೇ ಕಂಡುಕೊಂಡಿದ್ದರು. “ಎಂಟ ಎಂಟ್ಲೆ ಅರವತ್ನಾಕ.” ನಿಂತರು.

ಡಾಕ್ಟರರು ಲೇಖನಿಯನ್ನು ದವತಿಯಲ್ಲಿ ಅದ್ದಿದರು. “ಇದು ಗಿಳಿ ಅಲ್ರಿ,” ಎಂದು ಮೆಲ್ಲಗೆ ಹೇಳಿ, ‘ವಾಚಾಶಕ್ತಿ ನಷ್ಟ, ಬುದ್ಧಿ ಸಂಪೂರ್ಣ’ ಎಂದು ಬರೆದರು. ಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಪರೀಕ್ಷೆ ಮುಗಿಯಿತೆಂದು ನಾವೆಲ್ಲ ತಿಳಿದೆವು. ಮಾಸ್ತರರು ತಿಳಿಯಲಿಲ್ಲ. ಅವರು ಎಡಗೈ ಎತ್ತಿ ನನ್ನನ್ನು ತೋರಿಸಿದರು. ಯಾರೂ ಕೇಳದೆಯೇ ಮತ್ತೊಂದು ಧಾಟಿಯನ್ನು ಎತ್ತಿಕೊಂಡರು; ನಿಧಾನದ್ದು, ಎಲ್ಲೋ ಕೇಳಿದ್ದು. “ಹದಿನೇಳ ಒಂದ್ಲೆ ಹದಿನೇಳ, ಹದಿನೇಳ ಎರಡ್ಲೆ ಮೂವತ್ನಾಕ, ಹದಿನೇಳ ಮೂರ್ಲೆ ಐವತ್ತೊಂದ…” ಎರಡು ವರ್ಷದ ಹಿಂದೆ ಎರಡಕ್ಕೆ ನಾನು ಕತ್ತರಿಸಿದ್ದನ್ನು ಅವರು ಎರಡರಿಂದ ಮುಂದಕ್ಕೆ ಒಯ್ಯುತ್ತಿದ್ದರು. “ನಾಕ್ಲೆ ಅರವತ್ತೆಂಟ, ಐದ್ಲೆ ಎಂಬತ್ತೈದ, ಹದಿನೇಳ ಆರ್ಲೆ ನೂರಾ ಎರಡ.”

ಅಲ್ಲಿ ನಿಂತರು. ಕೈ ಇಳಿಸದೆ ನನ್ನನ್ನು ನೋಡುತ್ತಲೇ ಇದ್ದರು. ಹದಿನೇಳು ಎತ್ತು, ಆರಾರು ಸೂಡು. ಅದು ಚೆನ್ನವ್ವನ ಉತ್ತರ. ಅವಳು ಬರುತ್ತಿದ್ದಳು, ಬಂದು ಇದೇ ಜಾಗದಲ್ಲಿ ನಿಲ್ಲುತ್ತಿದ್ದಳು. ಹಾಡುವುದು ನಾಲಗೆಯದೇ ಇರಬಹುದು. ಎಲ್ಲಿ ನಿಲ್ಲಬೇಕೆಂಬುದು ಯಾರದು ಎಂದು ನಾನು ಕಾಲೇಜಿನಲ್ಲೂ ಕೇಳಲಿಲ್ಲ, ಪೌಳಿಯಲ್ಲೂ ಕೇಳಲಿಲ್ಲ. “ಸರಿ, ಮಾಸ್ತರ, ಸರಿ,” ಎಂದೆ. ಅವರು ಕೈ ಇಳಿಸಿದರು.

ನನ್ನ ಅಭಿಪ್ರಾಯವನ್ನು ಡಾಕ್ಟರರ ಕಾಗದದ ಜೊತೆಗೇ ಕಳಿಸಿದೆ. ಸುತ್ತೋಲೆಯನ್ನು ಹಿಂದೆಗೆದುಕೊಳ್ಳಬೇಕೆಂದು ಬೇರೊಂದು ಕಾಗದ ಬರೆದು ಮೇಲಧಿಕಾರಿಗಳ ಮುಂದಿಟ್ಟೆ. ಅವರು ಎರಡು ಸಲ ಓದಿದರು.

“ವಾದದಾಗ ಸೋತೀರಿ ಅನ್ರಿ.”

“ಹೌದ್ರಿ.”

“ಯಾರ ಕೈಯಾಗ?”

“ಮಾತು ಬಾರದವರ ಕೈಯಾಗ್ರಿ.”

ಅವರು ನಗಲಿಲ್ಲ. ಸುತ್ತೋಲೆ ರದ್ದಾಯಿತು, ಯಾಕೆ ರದ್ದಾಯಿತೆಂದು ಒಂದು ಅಕ್ಷರವೂ ಅದರಲ್ಲಿ ಇರಲಿಲ್ಲ. ನನ್ನ ಹಳೆಯ ವಾಕ್ಯ ಚೆನ್ನಾಗಿತ್ತಾದ್ದರಿಂದ ಎಷ್ಟೋ ಜನ ಅದನ್ನು ನೆನಪಿಟ್ಟರು. ಬೇರೆ ತಾಲೂಕಿನ ಅಧಿಕಾರಿಗಳು ನನ್ನ ಎದುರಿಗೇ ಅದನ್ನು ಹೇಳಿ ಮೆಚ್ಚಿದ್ದುಂಟು. ಪ್ರತಿ ಸಲವೂ, ಅದು ಈಗ ಯಾವ ಪೌಳಿಯಲ್ಲಿ ಯಾವ ಮಗುವಿನ ಬಾಯಿ ಮುಚ್ಚಿಸುತ್ತಿದೆಯೋ ಎಂದು ನನಗೆ ಅಳುಕಾಗುತ್ತಿತ್ತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಾಸ್ತರರ ಜಾಗಕ್ಕೆ ಹೊಸಬರು ಬಂದರು. ಆದರೆ ಸಂಜೆಯ ಉಜಳಣಿಗೆ ಶಿವಲಿಂಗಪ್ಪ ಮಾಸ್ತರರು ಬಂದು ಕೂರಬೇಕೆಂದು ಊರವರು ಬೇಡಿದರು. ಹಾಗೆ ಬೇಡಲು ಮುಂದಾದವರು ಅದೇ ಗೌಡರು. ನಾನು ತಪಾಸಣೆಗೆ ಹೋದಾಗ ಹಳೆಯ ದಫ್ತರವನ್ನು ತೆಗೆಸಿ, ಚೆನ್ನವ್ವನ ಹೆಸರಿನ ಮುಂದಿನ ಶಬ್ದವನ್ನು ಹೊಡೆದುಹಾಕಿ, ‘ಉತ್ತರ ಸರಿ. ಅಧಿಕಾರಿಯು ಒಂದು ಚೂರು ತಡೆಯಲಿಲ್ಲ’ ಎಂದು ಬರೆದು ಸಹಿ ಮಾಡಿದೆ. ಯಾರಿಗೆ ಉಪಯೋಗವಾಯಿತು? ಹುಡುಗಿ ಆಗ ಕೌಜಲಗಿಯಲ್ಲಿ ಯಾರದೋ ಮನೆಯ ಸೊಸೆ. ಕೌಜಲಗಿಯ ಶಾಲೆಗೆ ನಾನು ಆಮೇಲೆ ಎಷ್ಟೋ ಸಲ ಹೋದೆ. ಅವಳ ಮನೆಯನ್ನು ಕೇಳುವ ಧೈರ್ಯ ಬರಲಿಲ್ಲ.

ದಫ್ತರ ತಿದ್ದಿದ ಆ ಸಂಜೆ ಉಜಳಣಿ ಮುಗಿಯುವವರೆಗೆ ನಿಂತೆ. ಮಾಸ್ತರರು ಎಡಗೈಯಿಂದ ತಾಳ ಹಾಕುತ್ತ ಹಾಡಿಸುತ್ತಿದ್ದರು. ಹದಿನೇಳರ ಮಗ್ಗಿ ಬಂತು. ಆರಕ್ಕೆ ಬಂದಾಗ ಅವರು ಕೈಯನ್ನು ಮೇಲಕ್ಕೆ ಎತ್ತಿ ಹಿಡಿದರು. ಇಡೀ ಶಾಲೆ ಒಮ್ಮೆಲೇ ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಕೈ ಇಳಿಯಿತು, ಮಕ್ಕಳು ಏಳಕ್ಕೆ ಹೋದರು.

“ದಿನಾ ಹಿಂಗ ಮಾಡ್ತಾರ್ರಿ,” ಎಂದರು ಹೊಸ ಮಾಸ್ತರರು, ನನ್ನ ಕಿವಿಯಲ್ಲಿ. “ಯಾಕೋ ಗೊತ್ತಿಲ್ಲ. ತಿದ್ದಾಕ ಹೋಗಿಲ್ಲ, ವಯಸ್ಸಾದವ್ರು.”

ಮಾಸ್ತರರು ತೀರಿಕೊಂಡು ಬಹಳ ವರ್ಷಗಳಾದವು. ಆ ಊರಿನ ಮಕ್ಕಳು ಇಂದಿಗೂ ಹದಿನೇಳರ ಮಗ್ಗಿಯಲ್ಲಿ ಆರಕ್ಕೆ ಒಂದು ಉಸಿರು ನಿಂತು ಮುಂದೆ ಹೋಗುತ್ತಾರಂತೆ. ಯಾಕೆಂದು ಅವರಿಗೂ ತಿಳಿಯದು, ಅವರಿಗೆ ಕಲಿಸುವವರಿಗೂ ತಿಳಿಯದು. ನಿಮ್ಮಲ್ಲಿ ಯಾರಾದರೂ ಮೂಡಲಗಿಯ ಕಡೆ ತಪಾಸಣೆಗೆ ಹೋಗಿ ಅದನ್ನು ಕೇಳಿದರೆ, ತಪ್ಪೆಂದು ಬರೆಯಬೇಡಿರಿ. ಒಂದು ಚೂರು ತಡೆಯಿರಿ.